ಮಾತ್ರೆ, ಮುಲಾಮು, ಬೆಳಕು: ನೀರು ಮೈಗಾಗದವಳ ಲೆಕ್ಕ

ಸ್ನಾನ ನನಗೆ ಒಂದು ಗಂಟೆಯ ಕೆಲಸ. ಮೈಮೇಲೆ ನೀರು ಬೀಳುವುದು ಮೂರೋ ನಾಲ್ಕೋ ನಿಮಿಷ. ಉಳಿದದ್ದು ಮುಂಚಿನ ತಯಾರಿ, ಆಮೇಲಿನ ತುರಿಕೆ. ನೀರು ತಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಕುತ್ತಿಗೆಯ ಬುಡದಿಂದ ಶುರುವಾಗುತ್ತದೆ: ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ, ಸುತ್ತ ಕೆಂಪು. ಎದೆ, ಬೆನ್ನು, ತೋಳಿಗೆ ಹರಡಿ, ಮುಕ್ಕಾಲು ಗಂಟೆ ಕಾಡಿ, ಬಂದ ಗುರುತೂ ಇಲ್ಲದೆ ಮಾಯ. ಅಂಗೈ ಅಂಗಾಲಿಗೆ ಏನೂ ಆಗುವುದಿಲ್ಲ. ಬಿಸಿನೀರಾದರೂ ಅಷ್ಟೇ, ತಣ್ಣೀರಾದರೂ ಅಷ್ಟೇ. ಕುಡಿದರೆ ತೊಂದರೆ ಇಲ್ಲ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಡಾಕ್ಟರು ಇದಕ್ಕೆ ಅಕ್ವಾಜೆನಿಕ್ ಅರ್ಟಿಕೇರಿಯಾ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನೀರುಗಂಧೆ. ಶೆಲ್ಲಿ ಮತ್ತು ರಾನ್ಸ್‌ಲಿ ಎಂಬ ಅಮೆರಿಕದ ವೈದ್ಯರು 1964ರಲ್ಲಿ ಮೊದಲ ಬಾರಿಗೆ ಇದನ್ನು ಬರೆದಿಟ್ಟರು. ಅಲ್ಲಿಂದೀಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಪ್ರಕರಣಗಳು ನೂರರ ಆಸುಪಾಸಿನಲ್ಲೇ ಇವೆ. ಅಷ್ಟು ಅಪರೂಪದ್ದು ಬಂದು ಕೂತದ್ದು ಎಲ್ಲಿ ಅಂದರೆ ತೀರ್ಥಹಳ್ಳಿ ಕಡೆಯವಳ ಮೈಮೇಲೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಆಗುಂಬೆ ನಮ್ಮದೇ ತಾಲ್ಲೂಕು. “ನೀನು ಚಳ್ಳಕೆರೆಯಲ್ಲಿ ಹುಟ್ಟಬೇಕಿತ್ತು ಕಣೆ” ಎಂದು ದೊಡ್ಡಪ್ಪ ಈಗಲೂ ಆಡಿಕೊಳ್ಳುತ್ತಾರೆ.

ಹದಿನಾರನೇ ವಯಸ್ಸಿಗೆ ಶುರುವಾದದ್ದು, ಈಗ ಇಪ್ಪತ್ತೇಳು. ಈ ಹನ್ನೊಂದು ವರ್ಷದಲ್ಲಿ ಒಂದೊಂದಾಗಿ ಮಾಡಿ ನೋಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅಳತೆ ಒಂದೇ: ಇದರಿಂದ ನನಗೆ ಗುಳ್ಳೆ ಏಳದ ನೀರಿನ ಎಷ್ಟು ನಿಮಿಷ ಸಿಕ್ಕಿತು, ಅದಕ್ಕೆ ಬದಲಾಗಿ ದಿನದ ಎಷ್ಟು ಹೊತ್ತು ಹೋಯಿತು. ಇದು ನನ್ನ ಮೈಯ ಲೆಕ್ಕ. ಮಾತ್ರೆಯ ಪ್ರಮಾಣವೆಲ್ಲ ಚರ್ಮದ ಡಾಕ್ಟರು ಬರೆದುಕೊಟ್ಟದ್ದು, ನಾನೇ ಏರಿಸಿಕೊಂಡದ್ದಲ್ಲ.

ಮೊದಲು ನೀರಿಗೆ ನೀರನ್ನೇ ಹೋಲಿಸಿದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಪಿಜಿಯ ಹುಡುಗಿಯರೆಲ್ಲ “ಬೋರ್‌ವೆಲ್ ನೀರು, ಗಡಸು, ಅದಕ್ಕೇ” ಅಂದರು. ಸರಿ, ಕಾವೇರಿ ನೀರು ಬರುವ ಮನೆಗೆ ಹೋದೆ. ಬಾಡಿಗೆ ಹೆಚ್ಚಾಯಿತು, ಗಂಧೆ ಅಷ್ಟೇ ಇತ್ತು. ಕುದಿಸಿ ಆರಿಸಿದ ನೀರು, ಕ್ಯಾನ್ ನೀರು, ಊರಿನ ಬಾವಿ ನೀರು, ಸೂರಿನಿಂದ ಇಳಿಯುವ ಮಳೆನೀರು. ಕೊನೆಗೆ ತಮ್ಮ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದುಕೊಟ್ಟ. ಅದರಲ್ಲಿ ಬಟ್ಟೆ ಅದ್ದಿ ತೋಳಿಗೆ ಸುತ್ತಿ ಕೂತೆ. ಉಪ್ಪಿಲ್ಲ, ಸುಣ್ಣವಿಲ್ಲ, ಕ್ಲೋರಿನ್ ಇಲ್ಲ. ಬಟ್ಟೆ ಬಿಚ್ಚಿದರೆ ಬಟ್ಟೆಯ ಅಳತೆಗೆ ಸರಿಯಾಗಿ ಗುಳ್ಳೆಗಳ ಪಟ್ಟಿ. ಫಿಲ್ಟರಿಗೆ, ಸಾಫ್ಟ್‌ನರಿಗೆ ದುಡ್ಡು ಹಾಕುವ ಯೋಚನೆ ಅವತ್ತೇ ಬಿಟ್ಟೆ.

ಆದರೂ ರೋಗದ ಹೆಸರು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಮೊದಲು ನೋಡಿದ ಒಬ್ಬ ಡಾಕ್ಟರು ಕಜ್ಜಿ ಎಂದು ಪರ್ಮೆಥ್ರಿನ್ ಬರೆದರು. ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ, ಬೆಳಗ್ಗೆ ಚೆನ್ನಾಗಿ ಸ್ನಾನ ಮಾಡಬೇಕು! ಮಾಡಿದೆ. ಗುಳ್ಳೆ ಎದ್ದವು. ಔಷಧಿ ಸಾಲಲಿಲ್ಲವೆಂದು ವಾರ ಬಿಟ್ಟು ಮತ್ತೆ ಹಚ್ಚಲು ಹೇಳಿದರು. ಮನೆಯವರೆಲ್ಲ ಹಾಸಿಗೆ ಬಟ್ಟೆ ಕುದಿಸಿದ್ದೇ ಕುದಿಸಿದ್ದು.

ಕೊನೆಗೆ ಒಂದು ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ಪರೀಕ್ಷೆಯಾಯಿತು. ಪ್ಲಾಸ್ಟಿಕ್ ಕವರಿನಲ್ಲಿ ಐಸು ಕಟ್ಟಿ ಮುಂಗೈ ಮೇಲೆ ಐದು ನಿಮಿಷ ಇಟ್ಟರು. ಏನೂ ಏಳಲಿಲ್ಲ, ಅಂದರೆ ತಣ್ಣನೆಗೆ ಬರುವ ಗಂಧೆಯಲ್ಲ. ಬೆವರು ಬರುವವರೆಗೆ ಮೆಟ್ಟಿಲು ಹತ್ತಿಸಿದರು. ಮೈ ಬಿಸಿಯಾದಾಗ ಬರುವ ಗಂಧೆಯೂ ಅಲ್ಲ. ಆಮೇಲೆ ಮೈಯಷ್ಟೇ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಎದೆಯ ಮೇಲೆ ಅರ್ಧ ಗಂಟೆ ಇಟ್ಟರು. ಬಟ್ಟೆ ತೆಗೆದ ಕೂಡಲೇ ಅಲ್ಲಿ ಕಲಿಯುತ್ತಿದ್ದ ಡಾಕ್ಟರುಗಳು ಒಬ್ಬರನ್ನೊಬ್ಬರು ಕರೆದು ಫೋಟೊ ತೆಗೆದದ್ದನ್ನು ನೋಡಿದರೆ ನನಗೇನೋ ಬಹುಮಾನ ಬಂದ ಹಾಗಿತ್ತು. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಗುಳ್ಳೆ ಏಳದೆ ಸ್ನಾನದ ನಂತರ ಬರಿ ತುರಿಕೆ ಬರುವುದು ಬೇರೆಯೇ ಸಮಸ್ಯೆ. ಕೆಲವರಲ್ಲಿ ಅದು ರಕ್ತದ ಕೆಂಪುಕಣಗಳು ಅತಿಯಾಗುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯ ಮುನ್ಸೂಚನೆ ಇರಬಹುದಂತೆ. ಸ್ನಾನವಾದ ಮೇಲೆ ಕಾರಣವಿಲ್ಲದೆ ತುರಿಸುವವರು ಸೋಪು ಬದಲಿಸುತ್ತ ಕೂರುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಅಲರ್ಜಿ ಮಾತ್ರೆಗಳು. ಸೆಟ್ರಿಜಿನ್ 10 ಮಿಲಿಗ್ರಾಂ ಅಗ್ಗ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಗುಳ್ಳೆ ಅರ್ಧಕ್ಕರ್ಧ ಇಳಿಯುತ್ತವೆ. ಆದರೆ ನಿದ್ದೆ! ಮೆಟ್ರೊ ಹತ್ತಿ ರಾಜಾಜಿನಗರದಲ್ಲಿ ಇಳಿಯಬೇಕಾದವಳಿಗೆ ಎಚ್ಚರವಾದದ್ದು ನಾಗಸಂದ್ರದಲ್ಲಿ, ಅದೂ ಸೆಕ್ಯುರಿಟಿಯವರು ಸೀಟು ತಟ್ಟಿ ಎಬ್ಬಿಸಿದ ಮೇಲೆ. ಹೈಡ್ರಾಕ್ಸಿಜಿನ್ ಅದರ ಅಣ್ಣ: ತುರಿಕೆ ನಿಲ್ಲಿಸುತ್ತದೆ, ಜೊತೆಗೆ ನನ್ನನ್ನೂ. ಫೆಕ್ಸೊಫೆನಡಿನ್ 180ಕ್ಕೆ ನಿದ್ದೆಯಿಲ್ಲ, ಆದರೆ ಮೊದಲ ತಿಂಗಳು ಫಲವೂ ಇರಲಿಲ್ಲ. ಕಾರಣ ನನ್ನದೇ. ಬೆಳಗ್ಗೆ ಅದನ್ನು ಕಿತ್ತಳೆ ಜ್ಯೂಸಿನ ಜೊತೆ ನುಂಗುತ್ತಿದ್ದೆ. ಹಣ್ಣಿನ ರಸ ಕುಡಿದರೆ ಆ ಮಾತ್ರೆ ಸರಿಯಾಗಿ ಮೈಗೆ ಸೇರುವುದಿಲ್ಲವೆಂದು ಚೀಟಿ ಓದಿದ ಮೇಲೆ ಗೊತ್ತಾಯಿತು. ನೀರಿನಲ್ಲೇ ನುಂಗಲು ಶುರುಮಾಡಿದ ಮೇಲೆ ಸೆಟ್ರಿಜಿನ್ನಿನಷ್ಟೇ ಕೆಲಸ ಮಾಡಿತು. ಈಗ ತೆಗೆದುಕೊಳ್ಳುತ್ತಿರುವುದು ಬಿಲಾಸ್ಟಿನ್ 20, ಡಾಕ್ಟರು ಹೇಳಿದಂತೆ ಬೆಳಗ್ಗೆ ಒಂದು, ರಾತ್ರಿ ಒಂದು. ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಎರಡು ಗಂಟೆ ನಂತರ. ನನ್ನ ಮೈಗೆ ನಾಲ್ಕರಲ್ಲಿ ಇದೇ ಮೇಲು. ದುಬಾರಿ ಹೌದು, ಮೆಟ್ರೊದಲ್ಲಿ ಎಚ್ಚರವಾಗಿರುತ್ತೇನೆ. ಆದರೆ ಯಾವ ಮಾತ್ರೆಯೂ ಒಂದೇ ಕೈಯಲ್ಲಿ ಪೂರ್ತಿ ಸ್ನಾನ ಕೊಟ್ಟಿಲ್ಲ. ಬರಿ ಮಾತ್ರೆಗೆ ಸಿಗುವುದು ಎರಡು ನಿಮಿಷ.

ಉಳಿದ ನಿಮಿಷಗಳು ಬಂದದ್ದು ಬಚ್ಚಲಿನಲ್ಲಿ, ಅದೂ ಅಮ್ಮನ ಕೈಯಿಂದ. ನಮ್ಮಲ್ಲಿ ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆಗೆ ಕೆಮ್ಮಣ್ಣು ಬಳಿದು, ಹಿಂಡಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ನಾನು ಮಾತ್ರ ಆ ಹಂಡೆಯನ್ನು ಯಮನ ಕೋಣದ ಹಾಗೆ ನೋಡುತ್ತಿದ್ದೆ. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. “ಕೂತ್ಕಳೆ, ಅಲ್ಲಾಡಬೇಡ” ಎಂದು ಅಮ್ಮ ಬೆಚ್ಚಗಿನ ತೆಂಗಿನೆಣ್ಣೆ ಹಾಕಿ ತಿಕ್ಕಿ, ಅರ್ಧ ಗಂಟೆ ನೆನೆಸಿ, ನೀರು ಹೊಯ್ದರು. ಮೊದಲ ಐದಾರು ಚೊಂಬಿಗೆ ಏನೂ ಆಗಲಿಲ್ಲ! ಆಮೇಲೆ ಸೀಗೆಪುಡಿ ಹಾಕಿ ಉಜ್ಜಿ ಮತ್ತೆ ನೀರು ಹೊಯ್ದರು ನೋಡಿ, ಬೆನ್ನೆಲ್ಲ ಬೆಂಕಿ.

ಆ ಎರಡು ಹಂತದ ನಡುವಿನ ವ್ಯತ್ಯಾಸ ತಲೆಯಲ್ಲಿ ಉಳಿಯಿತು. ಡಾಕ್ಟರನ್ನು ಕೇಳಿದಾಗ ವಿವರಿಸಿದರು. ಗಂಧೆ ಎಬ್ಬಿಸುವುದು ನೀರೊಂದೇ ಅಲ್ಲ. ಚರ್ಮದ ಮೇಲ್ಪದರದಲ್ಲೋ ಅದರ ಜಿಡ್ಡಿನಲ್ಲೋ ಇರುವ ಏನನ್ನೋ ನೀರು ಕರಗಿಸಿ, ಇಲ್ಲವೇ ಅದರ ಜೊತೆ ಸೇರಿ, ಒಳಗೆ ಇಳಿಸುತ್ತದೆ ಎಂಬುದು ಒಂದು ವಾದ. ಒಳಗಿರುವ ಮಾಸ್ಟ್ ಕಣಗಳೆಂಬ ಜೀವಕೋಶಗಳು ಕೆರಳಿ, ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಮೇಲ್ಪದರವನ್ನು ಉಜ್ಜಿ ತೆಗೆದಷ್ಟೂ ಗಂಧೆ ಜೋರು. ಅಂದರೆ ಎಣ್ಣೆ ಕಟ್ಟಿದ ಗೋಡೆಯನ್ನು ಸೀಗೆಪುಡಿ ಕೆಡವಿತ್ತು. ಸೀಗೆ, ಕಡಲೆಹಿಟ್ಟು, ನಾರಿನ ಉಜ್ಜುಗ, ಮೂರಕ್ಕೂ ಅವತ್ತಿನಿಂದ ರಜೆ.

ಗೋಡೆ ಎಣ್ಣೆಯದ್ದೇ ಆಗಬೇಕೆ, ಪೆಟ್ರೋಲಿಯಂ ಜೆಲ್ಲಿಯದ್ದಾದರೆ ಹೇಗೆ? ಹೋದ ದೀಪಾವಳಿಗೆ ಎರಡನ್ನೂ ಒಟ್ಟಿಗೆ ಕೂರಿಸಿದೆ. ಬಲತೋಳಿಗೆ ಅಮ್ಮನ ತೆಂಗಿನೆಣ್ಣೆ, ಎಡತೋಳಿಗೆ ನನ್ನ ಜೆಲ್ಲಿ, ಬೆನ್ನು ಬರಿದು. ಅವತ್ತು ಮಾತ್ರೆ ಇಲ್ಲ, ಸೀಗೆ ಇಲ್ಲ. ತಂಗಿ ಫೋನಿನಲ್ಲಿ ಟೈಮರ್ ಹಿಡಿದು ನಾಲ್ಕು ನಿಮಿಷ ನೀರು ಹೊಯ್ದಳು. ಇಪ್ಪತ್ತು ನಿಮಿಷ ಬಿಟ್ಟು ಮೊಣಕೈಯಿಂದ ಭುಜದವರೆಗೆ ಪೆನ್ನಿನ ತುದಿಯಿಂದ ಎಣಿಸಿದೆವು: ಎಣ್ಣೆಯ ಕೈಯಲ್ಲಿ ಇಪ್ಪತ್ತಮೂರು, ಜೆಲ್ಲಿಯ ಕೈಯಲ್ಲಿ ಆರು. ಆ ಆರೂ ಕಂಕುಳ ಹತ್ತಿರ, ಜೆಲ್ಲಿ ಸರಿಯಾಗಿ ಹಚ್ಚದಿದ್ದ ಕಡೆ. ಬೆನ್ನಿನದ್ದನ್ನು ಎಣಿಸಲು ಹೋಗಿ ತಂಗಿ ನಡುವೆಯೇ ಕೈಬಿಟ್ಟಳು. “ಜೆಲ್ಲಿಗೆ ಪರಿಮಳ ಇಲ್ಲ” ಅನ್ನುವುದು ಅಮ್ಮನ ಆಕ್ಷೇಪ. ನಿಜವಾದ ಆಕ್ಷೇಪ ನನ್ನದು: ಬ್ಲೌಸು, ದುಪಟ್ಟಾ, ದಿಂಬಿನ ಕವರು ಎಲ್ಲ ಜಿಡ್ಡು, ಏಪ್ರಿಲ್ ಸೆಕೆಯಲ್ಲಿ ಬೆನ್ನಿಗೆ ಮೊಡವೆ, ಒಮ್ಮೆ ಬಚ್ಚಲಲ್ಲಿ ಜಾರಿ ಮಂಡಿ ಒಡೆದುಕೊಂಡದ್ದೂ ಇದೆ. ಆದರೂ ಮಾತ್ರೆಯ ಜೊತೆಗೆ ಜೆಲ್ಲಿ ಸೇರಿದರೆ ಏಳು ನಿಮಿಷ ಸಿಗುತ್ತದೆ. ಒಂದು ಡಬ್ಬಿಯ ಬೆಲೆಗೆ ಅಷ್ಟು ನಿಮಿಷ ಬೇರೆ ಯಾವುದೂ ಕೊಟ್ಟಿಲ್ಲ.

ಅಡುಗೆ ಸೋಡಾ ಹಾಕಿದ ನೀರನ್ನೂ ನೋಡಿದೆ, ಅದು ಬರಿ ತುರಿಕೆಯವರಿಗೆ ಹೇಳುವ ಉಪಾಯ. ನನಗೆ ಚರ್ಮ ಒಣಗಿದ್ದೇ ಲಾಭ. ಅಜ್ಜಿಯ ಕಾಲದಿಂದ ಪಿತ್ತದ ಗಂಧೆಗೆ ಮಾಡುವ ಕಂಬಳಿ ಉಜ್ಜುವ ಚಿಕಿತ್ಸೆ ಇದೆಯಲ್ಲ, ಆ ಕ್ಷಣಕ್ಕೆ ಸ್ವರ್ಗ, ಮರುದಿನ ಮೈಯೆಲ್ಲ ಗೀರು. ಮುರುಗಲು ಶರಬತ್ತು ಈಗಲೂ ಕುಡಿಯುತ್ತೇನೆ, ಗಂಧೆಗಲ್ಲ, ರುಚಿಗೆ.

ಬೆಳಕಿನ ಚಿಕಿತ್ಸೆಯನ್ನು ಅಷ್ಟು ಹಗುರವಾಗಿ ಪಕ್ಕಕ್ಕಿಡಲಾರೆ. ನ್ಯಾರೋಬ್ಯಾಂಡ್ ಯುವಿಬಿ, 311 ನ್ಯಾನೋಮೀಟರಿನ ನೇರಳಾತೀತ ಬೆಳಕು. ಚರ್ಮದ ಮೇಲ್ಪದರ ಕೊಂಚ ದಪ್ಪವಾಗಿ, ಮಾಸ್ಟ್ ಕಣಗಳೂ ಸ್ವಲ್ಪ ತಣ್ಣಗಾಗುತ್ತವಂತೆ. ವಾರಕ್ಕೆ ಎರಡು ದಿನ, ಬೀರುವಿನಂಥ ಪೆಟ್ಟಿಗೆಯೊಳಗೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ನಿಲ್ಲಬೇಕು. ಮೊದಲ ದಿನ ಕೆಲವೇ ಸೆಕೆಂಡು, ಆಮೇಲೆ ಸ್ವಲ್ಪ ಸ್ವಲ್ಪ ಏರಿಕೆ. ಇಪ್ಪತ್ತನೇ ಸಲದ ಹೊತ್ತಿಗೆ ಜೆಲ್ಲಿ ಇಲ್ಲದೆ, ಒಂದೇ ಮಾತ್ರೆಯಲ್ಲಿ ಎಂಟು ನಿಮಿಷ! ಕುತ್ತಿಗೆಯ ಬೆವರಿಗೆ ಏಳುತ್ತಿದ್ದ ಗುಳ್ಳೆಗಳೂ ನಿಂತವು. ಅದನ್ನು ಬೇರೆ ಯಾವುದೂ ನಿಲ್ಲಿಸಿರಲಿಲ್ಲ. ಬರಿ ನಿಮಿಷದ ಲೆಕ್ಕದಲ್ಲಿ ಇದೇ ಗೆದ್ದದ್ದು.

ಸೋತದ್ದು ದಿನದ ಲೆಕ್ಕದಲ್ಲಿ. ಪೆಟ್ಟಿಗೆಯೊಳಗೆ ನಿಲ್ಲುವುದು ಎರಡು ನಿಮಿಷ, ಹೋಗಿ ಬರುವುದು ಮೂರು ಗಂಟೆ, ಬಾಸ್‌ಗೆ ವಾರಕ್ಕೆರಡು ಸಲ ನೆಪ. ಬೆಳಕಿಗೆ ನಿಲ್ಲುವ ದಿನ ಮುಂಚೆ ಜೆಲ್ಲಿ ಹಚ್ಚುವ ಹಾಗಿಲ್ಲ, ಹಾಗಾಗಿ ಅವತ್ತು ಬೆಳಗಿನ ಸ್ನಾನವೂ ಇಲ್ಲ. ಮೈ ಕಪ್ಪಾಯಿತೆಂದು ಮದುವೆ ಮನೆಯಲ್ಲಿ ಅತ್ತೆಯರ ಸಂತಾಪ ಬೇರೆ. ಇಪ್ಪತ್ತೆಂಟು ಸಲ ಮಾಡಿಸಿ ನಿಲ್ಲಿಸಿದೆ. ಮೂರು ತಿಂಗಳಿಗೆ ಗುಳ್ಳೆಗಳು ಹಳೆಯ ಜಾಗಕ್ಕೆ ವಾಪಸ್ಸು. ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಮನೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಓಮಾಲಿಜುಮ್ಯಾಬ್ ಇಂಜೆಕ್ಷನ್ ಬಗ್ಗೆ ಡಾಕ್ಟರು ಎರಡು ಸಲ ಮಾತೆತ್ತಿದ್ದಾರೆ. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, ಚರ್ಮದಡಿ ಚುಚ್ಚುವುದು. ಮಾತ್ರೆಗೆ ಬಗ್ಗದ ಗಂಧೆಯಲ್ಲಿ ಬಳಸುತ್ತಾರೆ; ನೀರುಗಂಧೆಯವರಲ್ಲೂ ಕೆಲವರಿಗೆ ಗುಣ ಕಂಡಿದೆಯಂತೆ. ಒಂದು ತಿಂಗಳ ಖರ್ಚು ನನ್ನ ಮನೆಬಾಡಿಗೆ ದಾಟುತ್ತದೆ. ಚುಚ್ಚಿಸಿಕೊಳ್ಳದೆ ಹೋಲಿಸುವುದು ತಪ್ಪು, ಆ ಪುಟ ಖಾಲಿ ಬಿಟ್ಟಿದ್ದೇನೆ.

ಸ್ನಾನದ ರೀತಿಯಲ್ಲೂ ಫರಕಿದೆ. ಷವರ್ ಕೆಟ್ಟದ್ದು, ನೀರು ಎಲ್ಲೆಲ್ಲೋ ಬೀಳುತ್ತದೆ, ಹೊತ್ತು ಗೊತ್ತಾಗುವುದಿಲ್ಲ. ಬಕೆಟ್ಟಿನಲ್ಲಿ ಮೊದಲೇ ಹದಮಾಡಿಟ್ಟ ನೀರು, ಚೊಂಬು, ಕಾಗೆ ಸ್ನಾನ. ತಲೆಗೆ ಬೇರೆ ದಿನ, ಬಗ್ಗಿ ಕೂತು, ಕುತ್ತಿಗೆಗೆ ಟವೆಲ್ ಬಿಗಿದು. ಒರೆಸಲು ದಪ್ಪ ಟರ್ಕಿ ಟವೆಲ್ಲಿಗಿಂತ ಅಜ್ಜನ ಹಳೆಯ ಪಾಣಿಪಂಚೆ ಎಷ್ಟೋ ವಾಸಿ. ಉಜ್ಜದೆ ಒತ್ತಿದರೆ ಸಾಕು, ನೀರೆಲ್ಲ ಹೀರಿಕೊಳ್ಳುತ್ತದೆ.

ಮಳೆಗಾಲದ್ದು ಇನ್ನೊಂದು ಪಂದ್ಯ. ಊರಲ್ಲಿ ಕೊಡೆ ಬರಿ ಅಲಂಕಾರ, ಗಾಳಿ ಮಳೆಗೆ ಸೊಂಟದ ಕೆಳಗೆ ಒದ್ದೆ. ರೈನ್‌ಕೋಟಿನೊಳಗೆ ಮಳೆ ಬರುವುದಿಲ್ಲ, ಬೆವರು ಬರುತ್ತದೆ, ಅದೂ ನೀರೇ. ಕಂಬಳಿಕೊಪ್ಪೆ ಬೆಚ್ಚಗೆ, ಆದರೆ ಒದ್ದೆಯಾದ ಉಣ್ಣೆ ಕುತ್ತಿಗೆಗೆ ತಾಗಿದರೆ ಕಥೆ ಮುಗಿಯಿತು. ಅಟ್ಟದ ಮೇಲೆ ಜೇಡರ ಬಲೆ ಕಟ್ಟಿ ಬಿದ್ದಿದ್ದ, ಅಜ್ಜಿ ನಾಟಿಗೆ ಹಾಕಿಕೊಳ್ಳುತ್ತಿದ್ದ, ಬಿದಿರು ಎಲೆ ಸೇರಿಸಿ ಹೆಣೆದ ಗೊರಬನ್ನು ಕೆಳಗಿಳಿಸಿದ್ದು ತಮಾಷೆಗೆ. ತಲೆಯಿಂದ ಸೊಂಟದವರೆಗೆ ಆಮೆ ಚಿಪ್ಪಿನ ಹಾಗೆ ಮುಚ್ಚುತ್ತದೆ, ಬೆನ್ನಿಗೆ ಅಂಟುವುದಿಲ್ಲ, ಒಳಗೆ ಗಾಳಿ ಆಡುತ್ತದೆ. ಜುಲೈ ಮಳೆಯಲ್ಲಿ ತೋಟದ ತುದಿಯವರೆಗೆ ಹೋಗಿ ಬಂದೆ, ಒಂದು ಗುಳ್ಳೆ ಇಲ್ಲ. ಒಂದನ್ನು ಬೆಂಗಳೂರಿಗೂ ತರೋಣವೆಂದು ಬಸ್ಸಿಗೆ ಹತ್ತಿಸಲು ಹೋದರೆ ಕಂಡಕ್ಟರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು: “ಇದಕ್ಕೂ ಒಂದು ಟಿಕೆಟ್ ಹರೀಲಾ?”