ಡೆಬಿಯನ್ 12 ಬುಕ್‌ವರ್ಮ್ ರಿವ್ಯೂ: ಪೈಥಾನ್ 2 ತೆಗೆದ ಮೇಲೆ ನಮ್ಮ ಪ್ರೆಸ್ಸಲ್ಲಿ ಏನಾಯ್ತು

ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನ ಮೂರು ಕಂಪ್ಯೂಟರ್ ನೋಡ್ಕೊಳ್ಳೋದು ನನ್ನ ಕೆಲಸ. ಮೂರರಲ್ಲೂ ಡೆಬಿಯನ್ ಅನ್ನೋ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮೇ, ಅದರ 10ನೇ ವರ್ಷನ್ ಅಂದ್ರೆ ಬಸ್ಟರ್ ಕಾಲದಿಂದ. ಅದರಲ್ಲಿ ಎರಡನ್ನ 11ಕ್ಕೆ ತಂದು ಆಮೇಲೆ 12ಕ್ಕೆ ತಂದೆ, ಡೆಬಿಯನ್ನಲ್ಲಿ ನಡುವಿನ ವರ್ಷನ್ ಹಾರಿ ಹೋಗೋ ಹಾಗಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಬುಕ್‌ವರ್ಮ್ ಬಂದಿದ್ದು 2023ರ ಜೂನ್ 10ಕ್ಕೆ, ವೈಫೈ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತೆ ಅಂತ ತುಂಬಾ ಜನ ಹೊಗಳಿದ್ರು, ನಿಜಾನೇ, ಮೊದಲೆಲ್ಲ ಅದನ್ನ ಹುಡುಕಿ ಪೆನ್‌ಡ್ರೈವಿಗೆ ಹಾಕ್ಕೊಂಡು ಒದ್ದಾಡಬೇಕಿತ್ತು. ಆದ್ರೆ ನಾನು ಬರೀಬೇಕು ಅನ್ಕೊಂಡಿರೋದು ಬೇರೆ ವಿಷಯ. ಇದರಲ್ಲಿ ಪ್ರೋಗ್ರಾಮ್ ಬರೆಯೋ ಭಾಷೆ ಪೈಥಾನಿನ ಹಳೇ ಆವೃತ್ತಿ, ಅಂದ್ರೆ ಪೈಥಾನ್ 2 ಇಲ್ಲ. ಡೆಬಿಯನ್ನಿನ ಸಾಫ್ಟ್‌ವೇರ್ ಭಂಡಾರ, ಅಂದ್ರೆ ರೆಪೊಸಿಟರಿ ಪೂರ್ತಿ ಜಾಲಾಡಿದ್ರೂ ಸಿಗಲ್ಲ, ಇರೋದು 3.11 ಒಂದೇ.

ನಮಗೆ ಇದು ಯಾಕೆ ದೊಡ್ಡ ವಿಷಯ ಅಂದ್ರೆ ನಮ್ಮಲ್ಲಿಗೆ ಬರೋ ಹಸ್ತಪ್ರತಿಗಳು ಹೆಚ್ಚಿನವು ಇವತ್ತಿಗೂ ನುಡಿ ತಂತ್ರಾಂಶದ ಆಸ್ಕಿ ಫಾಂಟಲ್ಲೇ ಇರುತ್ವೆ, ಅಂದ್ರೆ ಇಂಗ್ಲಿಷ್ ಥರದ ಗುರುತುಗಳಿಗೆ ಕನ್ನಡದ ಆಕಾರ ತೊಡಿಸಿರೋ ಫಾಂಟು. ಫಾಂಟ್ ಬದಲಾಯಿಸಿ ನೋಡಿದ್ರೆ 'ಕನ್ನಡ' ಅನ್ನೋ ಪದ ಅಲ್ಲಿ ಇರೋದೇ ಇಲ್ಲ, ಇಂಗ್ಲಿಷಿನ ಪಿ, ತಲೆ ಮೇಲೆ ಗೀರಿರೋ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಕ್ಯೂ, ಕೊನೆಗೆ ಇನ್ನೊಂದು ಎ, ಹೀಗೆ ಏಳು ಗುರುತು ಸಾಲಾಗಿ ನಿಂತಿರುತ್ವೆ. ಇದನ್ನ ಯೂನಿಕೋಡಿಗೆ, ಅಂದ್ರೆ ಕನ್ನಡದ ಗುರುತುಗಳಿಗೆ ಅವುಗಳದ್ದೇ ಸಂಖ್ಯೆ ಇರೋ ವ್ಯವಸ್ಥೆಗೆ, ತಿರುಗಿಸೋಕೆ 2013ರಲ್ಲಿ ಒಂದು ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಬರೆದಿದ್ದೆ, ಪೈಥಾನ್ 2.7ರಲ್ಲಿ, ಅದರ ಜೊತೆಗೆ ಪುಸ್ತಕಕ್ಕೆ ಎಷ್ಟು ಫಾರಂ (ಒಟ್ಟಿಗೆ ಅಚ್ಚಾಗೋ ಪುಟಗಳ ಕಂತೆ) ಬೇಕು ಅಂತ ಲೆಕ್ಕ ಹಾಕೋ ಇನ್ನೊಂದು. ಹತ್ತು ವರ್ಷ ಅದರ ಮೇಲೇ ಪುಸ್ತಕ ಹೊರಗೆ ಹೋಗಿವೆ.

ಎರಡು ಮೆಷಿನ್ ಅಪ್‌ಗ್ರೇಡ್ ಮಾಡಿದ್ದು, ಮೂರನೇದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿ 12ನ ಹೊಸದಾಗೇ ಇನ್‌ಸ್ಟಾಲ್ ಮಾಡಿದ್ದು. ಮಾರನೇ ದಿನ ಡಿಟಿಪಿ ಮಾಡೋ ಹುಡುಗಿ ಬಂದು "ಸಾರ್, ಆ ಕಡೆ ಮೆಷಿನ್ನಲ್ಲಿ ಕನ್ವರ್ಟ್ ಆಗುತ್ತೆ, ಈ ಹೊಸದ್ರಲ್ಲಿ ಆಗ್ತಿಲ್ಲ" ಅಂದ್ಲು. ನೋಡಿದ್ರೆ ಹೊಸದ್ರಲ್ಲಿ ಪೈಥಾನ್ 2 ಇಲ್ಲ ಅದಕ್ಕೆ ಓಡ್ತಿಲ್ಲ, ಸರಿ, ಆದ್ರೆ ಹಳೇ ಎರಡರಲ್ಲಿ ಹೇಗೆ ಓಡ್ತಿದೆ? 11ರಲ್ಲಿದ್ದ 2.7 ಪ್ಯಾಕೇಜು ಹಾಗೇ ಉಳ್ಕೊಂಡಿತ್ತು, ಹಿಂದೆ ನಾನೇ ಕೈಯಾರೆ ಹಾಕಿದ್ದರಿಂದ ಅಪ್‌ಗ್ರೇಡ್ ಅದನ್ನ ಮುಟ್ಟಿರಲಿಲ್ಲ. ಅಪ್‌ಗ್ರೇಡ್ ಮಾಡಿರೋರು ಇದನ್ನ ದಯವಿಟ್ಟು ಗಮನಿಸಿ. ಓಡ್ತಿದೆ ಅಂತ ಸುಮ್ನಿರಬೇಡಿ, ಆಪ್ಟ್ ಲಿಸ್ಟ್ ಕಮಾಂಡಿಗೆ ಟಿಲ್ಡೆ ಓ (~o) ಕೊಟ್ರೆ ರೆಪೊಸಿಟರಿಯಲ್ಲಿ ಇಲ್ದೆ ನಿಮ್ಮ ಮೆಷಿನ್ನಲ್ಲಿ ಮಾತ್ರ ಉಳಿದಿರೋ ಪ್ಯಾಕೇಜೆಲ್ಲ ಕಾಣ್ಸುತ್ತೆ, ಅವಕ್ಕೆ ಇನ್ಮೇಲೆ ಯಾವ ಅಪ್‌ಡೇಟೂ ಬರಲ್ಲ. ಪೈಥಾನ್ 2ರ ಕೊನೇ ಬಿಡುಗಡೆ 2.7.18, ಬಂದಿದ್ದು 2020ರ ಏಪ್ರಿಲಲ್ಲಿ.

ಇದನ್ನ ದಿಢೀರಂತ ಕಿತ್ತು ಹಾಕಿದ್ರು ಅನ್ನೋರ ಮಾತು ನಾನು ಒಪ್ಪಲ್ಲ. ಪೈಥಾನ್ 3 ಬಂದಿದ್ದು 2008ರ ಡಿಸೆಂಬರಲ್ಲಿ. 2.7ನ 2015ಕ್ಕೇ ನಿಲ್ಲಿಸಬೇಕು ಅಂತಿದ್ದೋರು ಜನಕ್ಕೆ ಆಗ್ತಿಲ್ಲ ಅಂತ 2020ರ ಜನವರಿ 1ರ ತನಕ ತಳ್ಳಿದ್ರು. ಡೆಬಿಯನ್ 11ರ ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿತ್ತು, ಪೈಥಾನ್ 2 ಇದೆ, ಆದ್ರೆ ಕೆಲವು ಪ್ಯಾಕೇಜನ್ನ ಕೋಡಿಂದ ತಯಾರಿಸೋಕೆ (ಬಿಲ್ಡ್) ಬೇಕು ಅಂತ ಮಾತ್ರ ಇಟ್ಟಿದೀವಿ, ಸೆಕ್ಯುರಿಟಿ ಅಪ್‌ಡೇಟ್ ಇರಲ್ಲ ಅಂತ. ನಾನು ಅದನ್ನ ಓದಿದ್ದು 12 ಹಾಕಿದ ಮೇಲೆ, ತಪ್ಪು ನಂದೇ.

ಇನ್ನು ತೆಗೆದ ರೀತಿ. ಹಳೇ ಹಂಚಿನ ಮನೆ ಇಳಿಸೋದನ್ನ ನೋಡಿದೀರಲ್ಲ, ಮೊದಲು ಹಂಚು, ಆಮೇಲೆ ರೀಪು, ಆಮೇಲೆ ತೊಲೆ, ಗೋಡೆ ಕೊನೆಗೆ, ತೊಲೆಗೆ ಮೊದಲು ಕೈ ಹಾಕಿದ್ರೆ ಎಲ್ಲಾ ತಲೆ ಮೇಲೆ ಬೀಳುತ್ತೆ. ಇಲ್ಲೂ ಹಾಗೇ, 2019ರಿಂದ ಪೈಥಾನ್ 2 ಬೇಕು ಅನ್ನೋ ಪ್ಯಾಕೇಜುಗಳ ಮೇಲೆ ಡೆಬಿಯನ್‌ನವರು ಬಗ್, ಅಂದ್ರೆ ಇದನ್ನ ತಿದ್ದಬೇಕು ಅನ್ನೋ ದೂರು, ಹಾಕ್ತಾ ಬಂದ್ರು, ಯಾವ ಪ್ಯಾಕೇಜನ್ನ ಬೇರೆ ಯಾರೂ ನೆಚ್ಚಿಲ್ಲವೋ ಅದು ಮೊದಲು 3ಕ್ಕೆ ಹೋಗಬೇಕು ಇಲ್ಲಾ ಹೊರಗೆ ಹೋಗಬೇಕು, ಅದು ಹೋದ ಮೇಲೆ ಅದರ ಕೆಳಗಿದ್ದ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸೋ ಕೋಡ್) ಬಯಲಿಗೆ ಬರುತ್ತೆ, ಆಮೇಲೆ ಅದರ ಸರದಿ. ನಾವು ಇ-ಬುಕ್ ಮಾಡೋಕೆ ಬಳಸೋ ಕ್ಯಾಲಿಬರ್ ಇದೆಯಲ್ಲ, ಅದರ ಕರ್ತೃ ಒಂದು ಕಾಲದಲ್ಲಿ ಪೈಥಾನ್ 2ನ ನಾನೇ ನೋಡ್ಕೊಳ್ತೀನಿ ಅಂದಿದ್ದೋರು, ಅವರೂ 2020ರಲ್ಲಿ 5.0 ತರುವಾಗ 3ಕ್ಕೆ ಬಂದ್ರು. ಸಂಬಳ ಇಲ್ದೆ ಸ್ವಂತ ಸಮಯ ಕೊಟ್ಟು ಇಂಥ ಕೆಲಸ ಮಾಡಿರೋರು ಎಷ್ಟೋ ಜನ, ಅವರ ಮೇಲೆ ನನಗೆ ತುಂಬಾ ಗೌರವ ಇದೆ.

ಸ್ಕ್ರಿಪ್ಟ್ ತಿದ್ದೋಕೆ ಎರಡು ದಿನ ಹಿಡೀತು. ಪ್ರಿಂಟಿಗೆ ಬ್ರಾಕೆಟ್ ಹಾಕೋದು, ಎಕ್ಸ್‌ರೇಂಜು, ಹ್ಯಾಸ್‌ಕೀ ಅನ್ನೋ ಹಳೇ ಹೆಸರು ಬದಲಾಯಿಸೋದು ಇವೆಲ್ಲ ಪೈಥಾನ್ 2ರ ಕೋಡನ್ನ 3ಕ್ಕೆ ತಿರುಗಿಸೋ 2ಟು3 ಟೂಲೇ ಮಾಡ್ತು. ಕಷ್ಟ ಕೊಟ್ಟಿದ್ದು ಭಾಗಾಕಾರ. ನಮ್ಮಲ್ಲಿ ಒಂದು ಫಾರಂ ಅಂದ್ರೆ 16 ಪುಟ, 200 ಪುಟದ ಪುಸ್ತಕಕ್ಕೆ 200ನ 16ರಿಂದ ಭಾಗಿಸಿದ್ರೆ ಪೈಥಾನ್ 2ರಲ್ಲಿ 12 ಬರ್ತಿತ್ತು, ಉಳಿದ 8 ಪುಟಾನ ಮುಂದಿನ ಸಾಲಲ್ಲಿ ಬೇರೆ ಕೂಡ್ತಿದ್ದೆ. 3ರಲ್ಲಿ 12.5 ಬರುತ್ತೆ, ಎರರ್ ಏನೂ ಇಲ್ಲ, ಅದೇ 8 ಪುಟ ಎರಡು ಸಲ ಲೆಕ್ಕಕ್ಕೆ ಬಂದು ಪೇಪರ್ ಎಸ್ಟಿಮೇಟ್ ಜಾಸ್ತಿ ತೋರಿಸ್ತು. ಹಳೇ ಬಿಲ್ ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ಸಿಕ್ತು. ಭಾಗಾಕಾರದ ಗೀಟು ಎರಡು ಹಾಕಿದ್ರೆ ಸರಿಹೋಗುತ್ತೆ, ಆದ್ರೆ ಎಲ್ಲೆಲ್ಲಿ ಹಾಕಬೇಕು ಅನ್ನೋದನ್ನ ಟೂಲ್ ಹೇಳಲ್ಲ, ಕಣ್ಣಲ್ಲೇ ಹುಡುಕಬೇಕು.

ಕನ್ನಡದ ವಿಷಯಕ್ಕೆ ಬಂದ್ರೆ ಇದನ್ನ ಯಾಕೆ ಇಷ್ಟು ದಿನ ಮುಂದೂಡಿದೆ ಅಂತ ನನಗೇ ಬೇಜಾರಾಯ್ತು. ಪೈಥಾನ್ 2ರಲ್ಲಿ ಕೋಟ್ಸ್ ಒಳಗೆ 'ಕನ್ನಡ' ಬರೆದು ಉದ್ದ ಕೇಳಿದ್ರೆ 15 ಅಂತಿತ್ತು, ಯಾಕಂದ್ರೆ ಅದು ಎಣಿಸ್ತಿದ್ದಿದ್ದು ಬೈಟನ್ನ, ಯೂನಿಕೋಡನ್ನ ಬೈಟಾಗಿ ಬರೆಯೋ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಗುರುತಿಗೂ ಮೂರು ಮೂರು ಬೈಟ್. ಮೊದಲ ಅಕ್ಷರ ಕೇಳಿದ್ರೆ 'ಕ' ಬರ್ತಿರಲಿಲ್ಲ, ಅದರ ಮೂರನೇ ಒಂದು ತುಂಡು ಬರ್ತಿತ್ತು. ಕನ್ನಡದ ಎಲ್ಲಾ ಅಕ್ಷರದ ಮೊದಲ ಬೈಟು 224, ಆಸ್ಕಿಯ ಮಿತಿ 128, ಹಾಗಾಗಿ ಎಲ್ಲೋ ಒಂದು ಕಡೆ ಡಿಕೋಡ್ ಮಾಡೋದು, ಅಂದ್ರೆ ಬೈಟನ್ನ ಅಕ್ಷರಕ್ಕೆ ತಿರುಗಿಸೋದು, ಮರೆತ್ರೆ ರಾತ್ರಿ ಹನ್ನೊಂದಕ್ಕೆ ಯೂನಿಕೋಡ್ ಡಿಕೋಡ್ ಎರರ್ ಬಂದು ಕೂತಿರ್ತಿತ್ತು, ಇಂಗ್ಲಿಷ್ ಪುಸ್ತಕಕ್ಕೆ ಒಂದು ಸಲಾನೂ ಬರ್ತಿರಲಿಲ್ಲ. 3ರಲ್ಲಿ ಉದ್ದ ಕೇಳಿದ್ರೆ 5: ಕ, ನ, ಅರ್ಧಾಕ್ಷರದ ಗುರುತು, ನ, ಡ. ನಾವು ಓದೋದು ಮೂರೇ ಅಕ್ಷರ, ಅಲ್ಲಿಗಿನ್ನೂ ಮುಟ್ಟಿಲ್ಲ, ಒತ್ತಕ್ಷರ ಬಿಡಿಸೋ ಕೋಡ್ ನಾವೇ ಬರ್ಕೋಬೇಕು. ಆದ್ರೂ ಮೊದಲ ಅಕ್ಷರ ಕೇಳಿದ್ರೆ 'ಕ' ಕೊಡುತ್ತೆ! ಹೊಸ ಸ್ಕ್ರಿಪ್ಟಲ್ಲಿ ಡಿಕೋಡು ಎನ್‌ಕೋಡು ಅಂತ ಹಾಕಿದ್ದ ತೇಪೆಗಳನ್ನೆಲ್ಲ ಅಳಿಸಿದ್ದಕ್ಕೆ ಅರ್ಧಕ್ಕರ್ಧ ಸಾಲು ಕಮ್ಮಿಯಾಯ್ತು.

ಇನ್ನೊಂದು, 12ರಲ್ಲಿ ಪೈಥಾನ್ ಲೈಬ್ರರಿ ಇನ್‌ಸ್ಟಾಲ್ ಮಾಡೋ ಪಿಪ್ ಟೂಲು ನೇರವಾಗಿ ಸಿಸ್ಟಮ್ಮಿಗೆ ಹಾಕೋಕೆ ಬಿಡಲ್ಲ, ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಅದಕ್ಕೇ ಅಂತ ಬೇರೆ ಫೋಲ್ಡರ್) ಮಾಡಿ ಅದರೊಳಗೆ ಹಾಕಬೇಕು. ಮೊದಲ ದಿನ ಕಿರಿಕಿರಿ, ಆಮೇಲೆ ಅಭ್ಯಾಸ ಆಗುತ್ತೆ.

ಹಳೇ ಕೋಡ್ ತಿದ್ದೋಕೆ ಸಾಧ್ಯಾನೇ ಇಲ್ಲ ಅನ್ನೋರು ಪೈಥಾನ್ ಕೋಡ್ ಓಡಿಸೋ ಇನ್ನೊಂದು ಪ್ರೋಗ್ರಾಮ್ ಪೈಪೈ ನೋಡಿ, ಅವರು 2.7ನ ಇನ್ನೂ ಬಿಟ್ಟಿಲ್ಲ, ಇಲ್ಲಾಂದ್ರೆ ಹಳೇ ಪೈಥಾನನ್ನ ಒಂದು ಕಂಟೇನರ್ (ಉಳಿದ ಸಿಸ್ಟಮ್ಮಿಂದ ಬೇರೆ ಮಾಡಿದ ಜಾಗ) ಒಳಗೆ ಇಟ್ಕೊಳ್ಳಿ, ನೆಟ್‌ಗೆ ಮಾತ್ರ ತೆರೀಬೇಡಿ. ತಿದ್ದೋ ಮನಸ್ಸಿದ್ರೆ 12ರಲ್ಲಿ ಇರುವಾಗಲೇ ಮುಗಿಸಿ, ಡೆಬಿಯನ್ 13 ಜೊತೆ ಬರೋದು ಪೈಥಾನ್ 3.13, ಆ ವರ್ಷನ್ನಿಂದ ಪೈಥಾನ್‌ನವರು 2ಟು3ನ ತೆಗೆದಿದಾರೆ.

ನನ್ನ ಕಡೆಯಿಂದ 5ಕ್ಕೆ 5. ಹಳೇ ಎರಡು ಮೆಷಿನ್ನಲ್ಲಿ ಉಳಿದಿದ್ದ 2.7ನ ಹೋದ ಭಾನುವಾರ ಪರ್ಜ್ ಮಾಡಿ ಪೂರ್ತಿ ತೆಗೆದು ಹಾಕಿದೆ, ಈಗ ಮೂರರಲ್ಲೂ ಒಂದೇ ಸ್ಕ್ರಿಪ್ಟ್ ಓಡ್ತಿದೆ.