ಕಾರವಾರ, ಅಂಕೋಲೆ, ಶಿರಸಿ: ಒಂದೇ ಚೀಲ, ಮೂರು ಸಂತೆ

ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ ಹಿಡಿದಾಗ ನಮ್ಮ ಹತ್ತಿರ ಇದ್ದದ್ದು ಎರಡು ಟ್ರಂಕು, ಒಂದು ಗ್ಯಾಸ್ ಒಲೆ, ಬೋಳು ಗೋಡೆ ಮತ್ತು ಖಾಲಿ ಬಾಲ್ಕನಿ. ತರಕಾರಿ ದಿನಾ ಬೇಕು. ಬಾಲ್ಕನಿಗೆ ನಾಲ್ಕು ಗಿಡ ಬೇಕು. ಗೋಡೆಗೆ ಏನಾದರೂ ಬೇಕು. ದುಡ್ಡು ಮಾತ್ರ ಎಣಿಸಿ ಎಣಿಸಿ ಖರ್ಚು ಮಾಡುವ ಹೊತ್ತು. ಎಲ್ಲಿ ಅಗ್ಗ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಪಕ್ಕದ ಮನೆಯವರು "ನಮ್ಮ ಭಾನುವಾರದ ಸಂತೆ ಇರುವಾಗ ಬೇರೆ ಕಡೆ ಯಾಕೆ?" ಅಂದರು. ಅಂಕೋಲೆಯ ಗೆಳತಿ ತಮ್ಮೂರಿನ ತರಕಾರಿ ತಿಂದು ನೋಡಿ ಅಂದಳು. ಶಿರಸಿಯಲ್ಲಿರುವ ಅತ್ತೆ, ಗಿಡ ಬೇಕಾದರೆ ಘಟ್ಟ ಹತ್ತಿ ಬಾ ಅಂದರು.

ಮೂರೂ ಕಡೆ ಸುತ್ತಿದೆ. ಒಂದು ಮಳೆಗಾಲದಿಂದ ಮುಂದಿನ ಮಳೆಗಾಲ ದಾಟುವ ತನಕ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಕೊಟ್ಟ ದುಡ್ಡು ಎಷ್ಟು ಅಂತ ಮಾತ್ರ ಅಲ್ಲ, ಬಿಸಾಡಿದ್ದು ಎಷ್ಟು ಅಂತಲೂ.

ಮೊದಲು ತರಕಾರಿ.

ಕಾರವಾರದ ಭಾನುವಾರದ ಸಂತೆಗೆ ಮಾಲು ಹೆಚ್ಚಾಗಿ ಘಟ್ಟದ ಮೇಲಿನಿಂದ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಇಳಿಯುತ್ತದೆ. ಬೆಳಿಗ್ಗೆ ಹೋದರೆ ಆಯ್ದುಕೊಳ್ಳಬಹುದು, ಆದರೆ ದರ ಗಟ್ಟಿ. ಸಂಜೆ ಆರೂವರೆ ದಾಟಿದ ಮೇಲೆ ಆಟವೇ ಬೇರೆ. ವಾಪಸ್ ಗಾಡಿಗೆ ತುಂಬುವ ಬದಲು ಮಾರಿ ಹೋಗೋಣ ಅಂತ ಟೊಮೆಟೊ, ಬದನೆ, ಹಸಿಮೆಣಸು ಎಲ್ಲ ಗುಡ್ಡೆಗೆ ಬರುತ್ತದೆ. ಬೆಳಿಗ್ಗೆ ಕೆಜಿಗೆ ನಲವತ್ತು ಹೇಳಿದ ಟೊಮೆಟೊ ಸಂಜೆ ಗುಡ್ಡೆಗೆ ಇಪ್ಪತ್ತು. ನಾನು ಮೊದಮೊದಲು ಸಂಜೆ ಸಂತೆಗೆ ಮರುಳಾಗಿದ್ದೆ. ಇನ್ನೂರು ರೂಪಾಯಿಗೆ ಐದು ಕೆಜಿ ತಂದು ಅಡುಗೆಮನೆಯಲ್ಲಿ ಹರಡಿದರೆ ಮನೆ ತುಂಬಿದ ಹಾಗೆ ಕಾಣುತ್ತಿತ್ತು.

ಆಮೇಲೆ ತೂಕ ಮಾಡಿದೆ. ಗುರುವಾರದ ಹೊತ್ತಿಗೆ ಬಿಸಾಡಿದ್ದು ಒಂದು ಕೆಜಿ ನೂರು ಗ್ರಾಂ. ಗುಡ್ಡೆಯ ಅಡಿಯಲ್ಲಿದ್ದ ಟೊಮೆಟೊ ನಾಲ್ಕು, ಒಳಗೆ ಹುಳ ಇದ್ದ ಬದನೆ, ಇಡೀ ಕೊತ್ತಂಬರಿ ಕಟ್ಟು. ಅಂದರೆ ತಿಂದದ್ದು ಮೂರು ಕೆಜಿ ಒಂಬೈನೂರು. ಕೆಜಿಗೆ ಐವತ್ತೊಂದು ರೂಪಾಯಿ ಬಿತ್ತು.

ಅಂಕೋಲೆಯಲ್ಲಿ ನನಗೆ ಶನಿವಾರ ಅರ್ಧ ದಿನ ಕೆಲಸ. ಅಲ್ಲಿ ಸಂತೆಯೂ ಶನಿವಾರವೇ. ಸಂತೆಯ ಒಳಗಿನ ಅಂಗಡಿಗಳ ಮಾಲು ಕಾರವಾರದ್ದರ ಹಾಗೇ. ನಾನು ಹುಡುಕಿಕೊಂಡು ಹೋಗುವುದು ರಸ್ತೆ ಬದಿಗೆ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ. ಕೊರಳ ತುಂಬ ಮಣಿಸರ, ಎದುರಿಗೆ ಬಾಳೆ ಎಲೆ, ಅದರ ಮೇಲೆ ಬಸಳೆ, ಕೆಂಪು ಹರಿವೆ, ಅಲಸಂದೆ, ಮೊಗೆಕಾಯಿ, ಮಳೆಗಾಲವಾದರೆ ಮುಳ್ಳುಸೌತೆ. ಇಲ್ಲಿ ತಕ್ಕಡಿ ಕಡಿಮೆ. ಕಟ್ಟಿನ ಲೆಕ್ಕ, ಪಾಲಿನ ಲೆಕ್ಕ. ಹರಿವೆ ಕಟ್ಟಿನ ಬೇರಿನಲ್ಲಿ ಇನ್ನೂ ಕೆಂಪು ಮಣ್ಣು ಹಸಿಯಾಗಿ ಅಂಟಿರುತ್ತದೆ. ಬಸಳೆ ದಂಟನ್ನು ಉಗುರಿನಿಂದ ಒತ್ತಿದರೆ ಟಕ್ ಅಂತ ಮುರಿದು ನೀರು ಬರುತ್ತದೆ. ಮುಂಚಿನ ದಿನ ಕೊಯ್ದದ್ದಾದರೆ ಮುರಿಯುವುದಿಲ್ಲ, ಬಾಗುತ್ತದೆ. ಅಂಥದ್ದು ನಾನು ಅಲ್ಲಿ ಕಂಡದ್ದು ಒಂದೆರಡು ಸಲ ಮಾತ್ರ.

ಅದೇ ಇನ್ನೂರು ರೂಪಾಯಿಗೆ ಅಲ್ಲಿ ಸಿಕ್ಕಿದ್ದು ನಾಲ್ಕು ಕೆಜಿ. ಬಿಸಾಡಿದ್ದು ಇನ್ನೂರು ಗ್ರಾಂ. ಕೆಜಿಗೆ ಐವತ್ತಮೂರು ಬಿತ್ತು. ಎರಡು ರೂಪಾಯಿ ವ್ಯತ್ಯಾಸ, ಅಷ್ಟೇ! ಈ ಲೆಕ್ಕ ನೋಡಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ಒಂದು ಕಡೆ ಎರಡು ದಿನ ಲಾರಿಯಲ್ಲಿ ಕೂತ ಬದನೆ, ಇನ್ನೊಂದು ಕಡೆ ಬೆಳಗಿನ ಜಾವ ಕೊಯ್ದ ಸೊಪ್ಪು. ಬೆಲೆ ಹೆಚ್ಚುಕಮ್ಮಿ ಒಂದೇ.

ಹಾಗಂತ ಕಾರವಾರದ ಸಂತೆ ಬಿಟ್ಟಿಲ್ಲ. ಈರುಳ್ಳಿ, ಬಟಾಟೆ, ಬೆಳ್ಳುಳ್ಳಿ, ಶುಂಠಿ, ಕ್ಯಾಬೇಜ್ ಅಲ್ಲೇ ತರುತ್ತೇನೆ. ಕೆಡದ ಮಾಲಿಗೆ ಸಂಜೆ ದರವೇ ಸರಿ. ಗಜ್ಜರಿ, ಬೀನ್ಸ್ ಮಾತ್ರ ಬೆಳಿಗ್ಗೆ. ಸೊಪ್ಪು ಅಲ್ಲಿ ಯಾವ ಹೊತ್ತಿಗೂ ಬೇಡ.

ಚೌಕಾಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ಲಾರಿಯಲ್ಲಿ ಮಾಲು ತಂದವರ ಹತ್ತಿರ ನಾನು ಧಾರಾಳವಾಗಿ ಚೌಕಾಸಿ ಮಾಡುತ್ತೇನೆ. ಅವರ ದರದಲ್ಲಿ ಆ ಜಾಗ ಇಟ್ಟೇ ಇರುತ್ತಾರೆ. ಬುಟ್ಟಿಯ ಹೆಂಗಸರ ಹತ್ತಿರ ಮಾಡುವುದಿಲ್ಲ. ಇಡೀ ಬುಟ್ಟಿ ಖಾಲಿಯಾದರೂ ಅವರ ಕೈಗೆ ಬರುವುದು ಕೆಲವೇ ನೂರು ರೂಪಾಯಿ. ಕತ್ತಲಲ್ಲಿ ಎದ್ದು ಕೊಯ್ದು, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು ಬಂದದ್ದಕ್ಕೆ ಐದು ರೂಪಾಯಿ ಕಡಿಮೆ ಮಾಡಿ ಅಂತ ಕೇಳಲು ಬಾಯಿ ಬರುವುದಿಲ್ಲ. ಸುಮ್ನೆ ಹೇಳಿದಷ್ಟು ಕೊಟ್ಟು ನಿಂತರೆ ಕೊಸರು ತಾನಾಗೇ ಬರುತ್ತದೆ. ನಾಲ್ಕು ಹಸಿಮೆಣಸು, ಒಂದು ಹಿಡಿ ಅಲಸಂದೆ, ಕೆಲವೊಮ್ಮೆ ಒಂದು ಇಡೀ ಸೌತೆಕಾಯಿ. "ತಕಂಡೋಗ್ರಾ, ಮಕ್ಕಳಿಗೆ ಆಗ್ತದೆ" ಅಂತ ಚೀಲಕ್ಕೆ ಹಾಕುತ್ತಾರೆ. ನನ್ನ ನೋಟ್‌ಬುಕ್ಕಿನ ನಾಲ್ಕು ಕೆಜಿಯಲ್ಲಿ ಆ ಕೊಸರೂ ಸೇರಿದೆ.

ಇನ್ನು ಬಸ್ ಖರ್ಚು. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಈ ಹೋಲಿಕೆ ನಿಂತಿರುವುದೇ ಅದರ ಮೇಲೆ. ಗಂಡ ಜೊತೆಗೆ ಬಂದ ದಿನ ಅವರ ಟಿಕೆಟ್ ದುಡ್ಡು ಸೇರಿಸಿದರೆ ಅಂಕೋಲೆ ತರಕಾರಿ ದುಬಾರಿಯೇ ಆಗುತ್ತದೆ. ಹಾಗಾಗಿ ಶನಿವಾರ ನಾನೊಬ್ಬಳೇ.

ಬೇಸಿಗೆಯಲ್ಲಿ ಇನ್ನೊಂದು ಉಂಟು, ಕುಮಟಾದ ಸಿಹಿ ಈರುಳ್ಳಿ. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲೇ ಜಡೆ ಹೆಣೆದು ತೂಗುಹಾಕಿರುತ್ತಾರೆ. ಸಂತೆಯ ಸಾದಾ ಈರುಳ್ಳಿಗಿಂತ ಜಾಸ್ತಿ ದರ, ಹೋಲಿಸುವ ಹಾಗೇ ಇಲ್ಲ. ಆದರೂ ವರ್ಷಕ್ಕೆ ಎರಡು ಜಡೆ ತರುತ್ತೇನೆ. ಅಡುಗೆಮನೆಯ ಜಂತಿಗೆ ನೇತುಹಾಕಿದರೆ ಗಾಳಿಯಾಡಿ ಚೆನ್ನಾಗಿ ಉಳಿಯುತ್ತದೆ. ಹಸಿಯಾಗಿ ಕೋಸಂಬರಿಗೆ ಹಾಕಿ ತಿಂದವರಿಗೆ ಗೊತ್ತು. ಜೊತೆಗೆ, ತಿಳಿ ಗುಲಾಬಿ ಬಣ್ಣದ ಆ ಜಡೆಯಷ್ಟು ಚೆಂದದ ಅಲಂಕಾರ ನಮ್ಮ ಅಡುಗೆಮನೆಯಲ್ಲಿ ಬೇರೆ ಯಾವುದೂ ಇಲ್ಲ.

ಗಿಡಗಳ ವಿಷಯದಲ್ಲಿ ನಾನು ಕಳೆದುಕೊಂಡೇ ಕಲಿತೆ.

ಮೊದಲ ಗಿಡ ಕೊಂಡದ್ದು ಕಾರವಾರದಲ್ಲಿ, ರಸ್ತೆ ಬದಿಗೆ ನಿಂತ ಪಿಕಪ್ ಗಾಡಿಯಿಂದ. ಗುಲಾಬಿ, ದಾಸವಾಳ, ಮಲ್ಲಿಗೆ, ಎಲ್ಲದರ ಮೇಲೂ ಹೂವು. ಆಂಧ್ರದ ಕಡಿಯಂ ಕಡೆಯ ಗಿಡ ಅಂದರು ಮಾರುವವರು. ಕಡಿಯಂ ದೊಡ್ಡ ನರ್ಸರಿಗಳ ಊರು, ಅಲ್ಲಿಂದ ಊರೂರಿಗೆ ಗಿಡ ಹೋಗುತ್ತದೆ. ನೂರೈವತ್ತು ಹೇಳಿದ್ದನ್ನು ನೂರರ ಆಸುಪಾಸಿಗೆ ಇಳಿಸಿ, ಆರು ಗಿಡಕ್ಕೆ ಆರುನೂರ ನಲವತ್ತು ಕೊಟ್ಟು ಗೆದ್ದೆ ಅಂದುಕೊಂಡೆ. ಮೂರು ವಾರದಲ್ಲಿ ಗುಲಾಬಿಯ ಎಲೆ ಉದುರಿತು. ನೀರು ಹಾಕುತ್ತಲೇ ಇದ್ದೆ. ಕೊನೆಗೆ ಕುಂಡದಿಂದ ಕಿತ್ತು ನೋಡಿದೆ. ಬೇರಿನ ಸುತ್ತ ಜೇಡಿಮಣ್ಣಿನ ಉಂಡೆ, ತೆಂಗಿನಕಾಯಿ ಗಾತ್ರದ್ದು, ಕಲ್ಲಿನ ಹಾಗೆ ಗಟ್ಟಿ. ಒಡೆದು ನೋಡಿದರೆ ಒಳಗೆ ಒಣ ಪುಡಿ. ನಾನು ಹಾಕಿದ ನೀರೆಲ್ಲ ಉಂಡೆಯ ಹೊರಗಿನಿಂದ ಹರಿದು ಹೋಗುತ್ತಿತ್ತು, ಒಳಗೆ ಇಳಿದೇ ಇರಲಿಲ್ಲ. ಒಂದು ಬೇರೂ ಆ ಉಂಡೆ ದಾಟಿ ಹೊರಗೆ ಬಂದಿರಲಿಲ್ಲ. ಆ ಆರರಲ್ಲಿ ವರ್ಷದ ಕೊನೆಗೆ ಉಳಿದದ್ದು ದಾಸವಾಳ ಒಂದೇ.

ಈಗಲೂ ಅಂಥ ಗಿಡ ತರುವುದಾದರೆ ಹೀಗೆ ಮಾಡಿ. ಉಂಡೆಯನ್ನು ಒಂದು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಬೇರು ಹರಿಯದ ಹಾಗೆ ನೋಡಿಕೊಂಡು ನೆಡಿ. ದಾಸವಾಳ ಉಳಿದದ್ದು ಹಾಗೆ. ಗುಲಾಬಿ ಹೋದ ಮೇಲೆ ಅದಕ್ಕೆ ಈ ಉಪಚಾರ ಮಾಡಿದ್ದೆ.

ಶಿರಸಿಗೆ ಹೋದದ್ದು ಜೂನ್ ಕೊನೆಗೆ, ಮಂಗಳವಾರದ ಸಂತೆ ನೋಡಿಕೊಂಡು. ದೇವಿಮನೆ ಘಟ್ಟದ ದಾರಿ, ಮೂರೂವರೆ ಗಂಟೆ. ಮಳೆ ಹಿಡಿದ ಹೊತ್ತಿಗೆ ಶಿರಸಿಯಲ್ಲಿ ಗಿಡದ್ದೇ ಮಾತು. ಸಂತೆಯಲ್ಲಿ ಹಳ್ಳಿಯಿಂದ ಬಂದವರು ಮನೆಯಲ್ಲೇ ಬೇರು ಬರಿಸಿದ ಡೇರೆ (ಡೇಲಿಯಾ) ಹೂವಿನ ಗೆಡ್ಡೆ, ಕಾಳುಮೆಣಸಿನ ಬಳ್ಳಿ, ಸೇವಂತಿಗೆ ಕಟ್ಟು ಇಟ್ಟುಕೊಂಡಿರುತ್ತಾರೆ. ಹೂವು ಇರುವುದಿಲ್ಲ, ನೋಡಲು ಏನೂ ಚೆಂದ ಇಲ್ಲ. ಹದಿನೈದು, ಇಪ್ಪತ್ತು ರೂಪಾಯಿ. ಒಬ್ಬ ಅಜ್ಜಿ ನನಗೆ ಬಳ್ಳಿ ತಿರುಗಿಸಿ ತೋರಿಸಿ "ಎಲೆ ನೋಡಡ, ಗಂಟು ನೋಡು, ಇದು ಚೊಲೋ ಇದ್ದು" ಅಂದರು. ಎಲೆ ನೋಡಬೇಡ ಅಂತ. ಗಂಟಿನಲ್ಲಿ ಬಿಳಿ ಬೇರು ಮೊಳೆತಿತ್ತು. ಆವತ್ತಿನಿಂದ ನಾನು ಹೂವು ನೋಡಿ ಗಿಡ ಕೊಳ್ಳುವುದನ್ನು ಬಿಟ್ಟೆ.

ಖಾಸಗಿ ನರ್ಸರಿಗೂ ಹೋದೆ. ಅಲ್ಲಿ ಕುಂಡದಲ್ಲೇ ಬೆಳೆಯುವ ಪೊದೆ ಮೆಣಸು ಸಿಕ್ಕಿತು. ಬಳ್ಳಿ ಹಬ್ಬಿಸಲು ಮರ ಬೇಡ, ಬಾಲ್ಕನಿಗೆ ಹೇಳಿ ಮಾಡಿಸಿದ ಹಾಗೆ. ಆಂಥೂರಿಯಂ ಎರಡು ತಂದೆ. ಒಟ್ಟು ಒಂಬತ್ತು ಗಿಡಕ್ಕೆ ಐನೂರ ಹತ್ತು. ವರ್ಷ ಕಳೆದ ಮೇಲೆ ಆರು ಇವೆ. ಆಂಥೂರಿಯಂ ಎರಡೂ ಹೋದವು, ಅದು ಶಿರಸಿಯವರ ತಪ್ಪಲ್ಲ. ನಮ್ಮ ಬಾಲ್ಕನಿಗೆ ಸಮುದ್ರದ ಗಾಳಿ ನೇರ ಬಡಿಯುತ್ತದೆ. ಉಪ್ಪುಗಾಳಿಗೆ ಎಲೆಯ ಅಂಚು ಮೊದಲು ಕಂದಾಗಿ, ಆಮೇಲೆ ಸುಟ್ಟ ಕಾಗದದ ಹಾಗೆ ಆಗುತ್ತದೆ. ಮಲೆನಾಡಿನ ನೆರಳು, ತಂಪಿನ ಗಿಡ ಕರಾವಳಿಯ ಬಯಲಿಗೆ ತರುವ ಮುಂಚೆ ಎರಡು ಸಲ ಯೋಚಿಸಿ. ಮನೆಯ ಹಿಂಬದಿ ಇಟ್ಟ ಪೊದೆ ಮೆಣಸು ಮಾತ್ರ ಈ ಸಲ ಕಾಳು ಬಿಟ್ಟಿದೆ.

ಎಲ್ಲಕ್ಕಿಂತ ಅಗ್ಗದ ಸಸಿ ಬೇಕಾದವರು ಅರಣ್ಯ ಇಲಾಖೆಯ ನರ್ಸರಿ ಕೇಳಬೇಕು. ಮಳೆಗಾಲದ ಶುರುವಿನಲ್ಲಿ ಸಾರ್ವಜನಿಕರಿಗೆ ರಿಯಾಯಿತಿ ದರದಲ್ಲಿ ಕೊಡುತ್ತಾರೆ, ಚೀಲದ ಗಾತ್ರ ನೋಡಿ ದರ. ಆದರೆ ಅವು ಮರವಾಗುವ ಗಿಡಗಳು, ಬಾಲ್ಕನಿಗೆ ಆಗುವುದಿಲ್ಲ. ಒಂದು ಮುರುಗಲು ಸಸಿಯನ್ನು ಅತ್ತೆಯ ಹಿತ್ತಿಲಲ್ಲಿ ನೆಟ್ಟೆವು. ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಇಂಥ ನರ್ಸರಿಯಲ್ಲೇ ಬದುಕಿಡೀ ಸಸಿ ಬೆಳೆಸಿ ಪದ್ಮಶ್ರೀ ಪಡೆದವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಪ್ಪು ಚೀಲದ ಸಸಿ ಕೈಗೆ ಬಂದಾಗೆಲ್ಲ ಅವರ ನೆನಪಾಗುತ್ತದೆ.

ಮನೆ ಅಲಂಕಾರದ್ದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ನಾನು ಕೊಂಡದ್ದೇ ಕಡಿಮೆ.

ಆನ್‌ಲೈನ್‌ನಲ್ಲಿ ಮುನ್ನೂರೈವತ್ತಕ್ಕೆ ತರಿಸಿದ ಚೌಕಟ್ಟಿನ ಚಿತ್ರ ಒಂದೇ ಮಳೆಗಾಲಕ್ಕೆ ಉಬ್ಬಿತು. ಚೌಕಟ್ಟು ಮರದ್ದಲ್ಲ, ಒತ್ತಿದ ಹುಡಿಯ ಹಲಗೆ. ಕರಾವಳಿಯ ಜುಲೈ ತೇವಕ್ಕೆ ಅದು ಬ್ರೆಡ್ಡಿನ ಹಾಗೆ ನೀರು ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋದಾಗ ಸಾಲುಸಾಲು ಅಂಗಡಿ. ಜಾತ್ರೆಯ ಕೊನೆಯ ದಿನಗಳಲ್ಲಿ ದರ ಇಳಿಯುತ್ತದೆ, ಅದು ನಿಜ. ಪಿಂಗಾಣಿ ಕುಂಡ ನಾಲ್ಕು ಅರ್ಧ ಬೆಲೆಗೆ ಸಿಕ್ಕವು. ಆದರೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದನ್ನೇ ಕಾಯುತ್ತಾ ಕೂರಲು ಆಗುವುದಿಲ್ಲವಲ್ಲ.

ಸಂತೆಯ ಬಿದಿರು ಬುಟ್ಟಿ ನನ್ನ ಮೆಚ್ಚಿನ ಆಯ್ಕೆ. ನೂರಿಪ್ಪತ್ತು ಕೊಟ್ಟು ತಂದ ಬುಟ್ಟಿಯನ್ನು ಬೋರಲು ಹಾಕಿ, ನಡುವೆ ತೂತು ಮಾಡಿ, ಬಲ್ಬ್ ಇಳಿಬಿಟ್ಟರೆ ಚಾವಣಿ ತುಂಬ ನೆರಳಿನ ಜಾಲರಿ. ಅಂಥದ್ದೇ ದೀಪಕ್ಕೆ ಅಂಗಡಿಯಲ್ಲಿ ಒಂಬೈನೂರು ಹೇಳಿದ್ದರು. ಕೊಳ್ಳುವಾಗ ಬುಟ್ಟಿಯನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಹಳದಿ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇದೆ, ಬಿಟ್ಟುಬಿಡಿ. ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೇ ಬಿಸಿ ಬಲ್ಬ್ ಬೇಡ.

ಗೋಡೆಗೆ ಕೊನೆಗೂ ತಂದದ್ದು ಹಸೆ ಚಿತ್ತಾರ. ಸಿದ್ದಾಪುರ, ಸಾಗರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವುದು. ಕೆಮ್ಮಣ್ಣಿನ ನೆಲ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಚಿಕ್ಕದೊಂದಕ್ಕೆ ಏಳುನೂರು ಕೊಟ್ಟೆ. ಆನ್‌ಲೈನ್ ಚಿತ್ರದ ಎರಡರಷ್ಟು. ಹತ್ತಿರದಿಂದ ನೋಡಿದರೆ ಒಂದು ಗೆರೆ ಶುರುವಾಗುವಲ್ಲಿ ದಪ್ಪ, ಮುಗಿಯುವಲ್ಲಿ ಕೂದಲಿನಷ್ಟು ಸಪೂರ. ಕುಂಚದಲ್ಲಿ ಬಣ್ಣ ತೀರುತ್ತಾ ಬಂದದ್ದು ಕಾಣುತ್ತದೆ. ಗೋಡೆಗೆ ತಾಗದ ಹಾಗೆ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿ ತೂಗುಹಾಕಿದ್ದೇನೆ, ಗಾಳಿಯಾಡುತ್ತದೆ. ಈ ಮಳೆಗಾಲ ಏನೂ ಆಗಲಿಲ್ಲ.

ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಲೆಕ್ಕ ಯಾವ ಪಟ್ಟಿಗೂ ಸೇರದೆ ಉಳಿದಿದೆ. ಅಂಕೋಲೆಯಲ್ಲಿ ಮೂವತ್ತು ರೂಪಾಯಿಗೆ ತಂದ ಬಸಳೆ ಕಟ್ಟಿನ ಎಲೆ ಸಾರಿಗೆ ಹೋಯಿತು. ಬಲಿತ ದಂಟು ಎರಡನ್ನು, ಗುಲಾಬಿ ಸತ್ತ ಕುಂಡದಲ್ಲೇ ಚುಚ್ಚಿದ್ದೆ. ಈಗ ಅದು ಬಾಲ್ಕನಿ ಕಂಬಿ ಹಿಡಿದು ಮೇಲಿನ ಮನೆಯವರ ಕಿಟಕಿ ಮುಟ್ಟಿದೆ. ಉಪ್ಪುಗಾಳಿಗೂ ಜಗ್ಗಿಲ್ಲ. ಆ ಬಸಳೆ ಕೊಟ್ಟ ಬುಟ್ಟಿಯ ಅಮ್ಮನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. ಕೆಂಪು ಹರಿವೆಯ ಬೀಜವೂ ಕೊಡ್ತೀರಾ ಅಂತ ಕೇಳಿದೆ. "ಈಗ ಇಲ್ಲ, ದೀಪಾವಳಿ ಕಳೀಲಿ, ಬೀಜ ಕಟ್ತದೆ, ಬನ್ರಾ" ಅಂದರು.