ಅಡುಗೆಮನೆ ಕಪಾಟಿಗೆ ವಾಟರ್ ಬೇಸ್ ಎನಾಮೆಲ್: 3 ವರ್ಷ ಬಳಸಿದ ಮೇಲೆ

ನಮ್ಮ ಅಡುಗೆಮನೆ ಕಪಾಟುಗಳಿಗೆ ವಾಟರ್ ಬೇಸ್ ಎನಾಮೆಲ್, ಅಂದರೆ ಎಣ್ಣೆಯ ಬದಲು ನೀರಲ್ಲಿ ಬೆರೆಯುವ, ಒಣಗಿ ಗಟ್ಟಿಯಾಗುವ ಪೇಂಟ್, ಹೊಡೆದು 3 ವರ್ಷ ಆಯ್ತು. 14 ಬಾಗಿಲು, 5 ಡ್ರಾಯರ್, ಎಲ್ಲವನ್ನೂ ನಾನೇ ಹೊಡೆದದ್ದು. ಹೊಡೆದ ವಾರದಲ್ಲಿ ಯಾವ ಪೇಂಟಾದರೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಬಿಳಿ ಆಯಿಲ್ ಪೇಂಟ್. ಗಟ್ಟಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳದಿಗೆ ತಿರುಗಿತ್ತು, ಅದೂ ಹೊರಮೈಗಿಂತ ಒಳಮೈ ಜಾಸ್ತಿ. ಬಾಗಿಲು ತೆರೆದರೆ ಒಂದೇ ಹಲಗೆಗೆ ಎರಡು ಬಣ್ಣ! ಬೆಳಕು ಬೀಳದ ಕಡೆ ಆಯಿಲ್ ಪೇಂಟ್ ಬೇಗ ಹಳದಿಯಾಗುತ್ತದೆ. ತಿಳಿ ಬಣ್ಣ ಬೇಕು ಅನ್ನುವವರು ಇದನ್ನು ಮೊದಲೇ ಯೋಚಿಸಿ. ಗೋಡೆಗೆ ತಂದ ಎಮಲ್ಷನ್ ಉಳಿದಿದೆಯಲ್ಲ, ಅದನ್ನೇ ಹೊಡೆದರೆ ಆಗಲ್ವಾ ಅಂತ ಮನೆಯಲ್ಲಿ ಕೇಳಿದರು. ಬೇಡವೇ ಬೇಡ. ಅದು ಒಣಗಿದ ಮೇಲೂ ಸ್ವಲ್ಪ ಮೆತ್ತಗೇ ಇರುತ್ತದೆ. ಬಾಗಿಲು ಚೌಕಟ್ಟಿಗೆ ಅಂಟಿಕೊಂಡು, ತೆರೆಯುವಾಗ ಪೇಂಟ್ ಕಿತ್ತು ಬರುತ್ತದೆ.

ಇಡೀ ಕೆಲಸದಲ್ಲಿ ಪೇಂಟ್ ಹೊಡೆದ ಹೊತ್ತು ಕಮ್ಮಿ, ತೊಳೆದ ಹೊತ್ತೇ ಜಾಸ್ತಿ. ಒಲೆಯ ಪಕ್ಕದ ಬಾಗಿಲುಗಳಲ್ಲಿ ಕಣ್ಣಿಗೆ ಕಾಣದ ಜಿಡ್ಡು ಕೂತಿರುತ್ತದೆ. ಹಿಡಿಗಳ ಸುತ್ತ ಬೆರಳಿನ ಎಣ್ಣೆ ಬೇರೆ. ಜಿಡ್ಡು ತೆಗೆಯುವ ದ್ರಾವಣದಲ್ಲಿ ಒರೆಸಿ, ಬರೀ ನೀರಲ್ಲಿ ಮತ್ತೆ ಒರೆಸಿ, ಬಿಳಿ ಬಟ್ಟೆಗೆ ಕೊಳೆ ಹತ್ತದ ತನಕ ಬಿಡಲಿಲ್ಲ. ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ. ತಿರುಗಾಮುರುಗಾ ಮಾಡಿದರೆ ಜಿಡ್ಡನ್ನು ಗೀರುಗಳ ಒಳಗೇ ತಿಕ್ಕಿದಂತೆ. 150 ನಂಬರಿನ ಸ್ಯಾಂಡ್ ಪೇಪರ್ ಸಾಕು, ಹಳೇ ಹೊಳಪು ಹೋದರಾಯ್ತು. ಮನೆ ತುಂಬಾ ಹಳೆಯದಾದರೆ ಮಾತ್ರ ಹುಷಾರು: ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಉಜ್ಜಬೇಡಿ.

ಆಮೇಲೆ ಒಂದು ಕೋಟ್ ಬಾಂಡಿಂಗ್ ಪ್ರೈಮರ್ (ನುಣ್ಣನೆ ಮೈಗೂ ಪೇಂಟ್ ಹಿಡಿಯುವಂತೆ ಮಾಡುವ ಅಡಿಲೇಪ), ಮೇಲೆ ತೆಳುವಾಗಿ ಎರಡು ಕೋಟ್ ಎನಾಮೆಲ್. ನಡುವೆ 220ರ ಪೇಪರಿನಿಂದ ಹಗುರವಾಗಿ ಉಜ್ಜಿದೆ. ಬಾಗಿಲು ಬಿಚ್ಚಿ, ನಂಬರ್ ಬರೆದ ಟೇಪ್ ಅಂಟಿಸಿ, ಮಲಗಿಸಿ ಹೊಡೆದೆ. ಸಪಾಟು ಜಾಗಕ್ಕೆ ಸ್ಪಂಜಿನ ಸಣ್ಣ ರೋಲರ್, ಮೂಲೆಗಳಿಗೆ ಬ್ರಷ್.

ಈಗ ಐದನೇ ಡ್ರಾಯರ್ ವಿಷಯ. ಸುಸ್ತಾಗಿತ್ತು, ಒಂದೇ ಸಲ ಒರೆಸಿ ಮುಗಿಸಿಬಿಟ್ಟೆ. 8 ತಿಂಗಳಿಗೆ ಹಿಡಿಯ ಕೆಳಗೆ ಒಂದು ಚಕ್ಕೆ ಎದ್ದಿತು. ಉಗುರಿನಿಂದ ಮೀಟಿದೆ. ಪ್ರೈಮರ್ ಸಮೇತ ಬಂತು. ಅಡಿಯಲ್ಲಿ ಹಳೇ ಪೇಂಟ್ ಹಾಗೇ ನುಣ್ಣಗಿತ್ತು, ಮುಟ್ಟಿದರೆ ಬೆರಳು ಜಾರುತ್ತಿತ್ತು. ಅದೇ ಡಬ್ಬಿಯ ಪೇಂಟ್ ಪಕ್ಕದ ನಾಲ್ಕು ಡ್ರಾಯರ್‌ಗಳಲ್ಲಿ ಇವತ್ತಿಗೂ ಅಲ್ಲಾಡಿಲ್ಲ.

ಒಣಗುವ ವಿಷಯದಲ್ಲಿ ಈ ಪೇಂಟ್ ಮೋಸ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ತಿಂಗಳು ಬೇಕು, ತೇವದ ದಿನಗಳಲ್ಲಿ ಇನ್ನೂ ಜಾಸ್ತಿ. ಆರನೇ ದಿನ ಬಾಗಿಲಿನ ಅಂಚಲ್ಲಿ ಉಗುರು ಒತ್ತಿದರೆ ಗುರುತು ಬಿತ್ತು. ತಿಂಗಳಾದ ಮೇಲೆ ಬೀಳಲಿಲ್ಲ. ಆ ನಡುವೆ ನಾನು ಬಾಗಿಲುಗಳನ್ನು ಕೂಡಿಸಿ, ಸದ್ದಾಗದಿರಲಿ ಅಂತ ರಬ್ಬರ್ ಬೊಟ್ಟು ಅಂಟಿಸಿದ್ದೆ. ಅವು ಒತ್ತಿದ ಕಡೆ ಸಣ್ಣ ಕುಳಿಗಳು ಹಾಗೇ ಉಳಿದಿವೆ. ಒಂದು ತಿಂಗಳು ಬಾಗಿಲಿಲ್ಲದ ಕಪಾಟಲ್ಲಿ ಅಡುಗೆ ಮಾಡಲು ಆಗುವುದಾದರೆ ದಯವಿಟ್ಟು ಹಾಗೇ ಮಾಡಿ.

3 ವರ್ಷದ ಲೆಕ್ಕ ಇಷ್ಟು: ಬಿಳಿ ಬಿಳಿಯಾಗೇ ಇದೆ, ಒಳಮೈ ಕೂಡ. ಸ್ಯಾಟಿನ್ ಫಿನಿಶ್, ಅಂದರೆ ಹದವಾದ ಹೊಳಪು, ಆದ್ದರಿಂದ ಒರೆಸಲು ಸುಲಭ. ಹೊಳಪಿಲ್ಲದ ಮ್ಯಾಟ್ ಆಗಿದ್ದರೆ ಒರೆಸಿ ಒರೆಸಿ ಅಲ್ಲಲ್ಲಿ ಹೊಳಪಿನ ಕಲೆ ಬೀಳುತ್ತಿತ್ತು. ಸಿಂಕ್ ಕೆಳಗಿನ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬಾಗಿಲು ಮಾತ್ರ ತಳದಲ್ಲಿ ಉಬ್ಬಿದೆ. ಕಣ್ಣಿಗೆ ಕಾಣದ ಅಂಚು ಅಂತ ಅಲ್ಲಿಗೆ ಪ್ರೈಮರ್ ಹೊಡೆದಿರಲಿಲ್ಲ, ನೀರು ಅಲ್ಲಿಂದಲೇ ಹತ್ತಿತು. ಆ ಬಾಗಿಲನ್ನು ಬದಲಿಸಲೇಬೇಕು.

ಮತ್ತೆ ಇದೇ ಪೇಂಟ್ ಕೊಳ್ಳುತ್ತೇನೆ. ಉಳಿದದ್ದನ್ನು ಸಣ್ಣ ಗಾಜಿನ ಶೀಶೆಗೆ ಕಂಠದ ತನಕ ತುಂಬಿಸಿ ಇಟ್ಟಿದ್ದೆ. ಮೊನ್ನೆ ತೆಗೆದು ನೋಡಿದೆ, ಕಲಕಿದರೆ ಇನ್ನೂ ಚೆನ್ನಾಗಿದೆ. ಐದನೇ ಡ್ರಾಯರನ್ನು ಬಿಚ್ಚಿಟ್ಟಿದ್ದೇನೆ, ನಾಳೆ ತೊಳೆಯಬೇಕು.